ಹಕ್ಕಿಗಳ ಲೆಕ್ಕ ಬರೆದಿಟ್ಟ ಸಲೀಂ ಅಲಿ

ಮಕ್ಕಳೇ, ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಜೆ.ಪಿ. ನಗರದ ಸಾರಕ್ಕಿ ಕೆರೆಗೋ, ಬಿ.ಟಿ.ಎಂ. ಬಡಾವಣೆಯ ಪಕ್ಕದ ಮಡಿವಾಳ ಕೆರೆಗೋ ಹೋಗಿ ನೋಡಿ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು, ಕೈಯಲ್ಲಿ ಪುಟ್ಟ ನೋಟ್‌ಬುಕ್ ಹಿಡಿದವರು ಕಾಣಸಿಗಬಹುದು. ಚಳಿಗಾಲ ಕಳೆಯಲು ಉತ್ತರದಿಂದ ಬರುವ ಹಕ್ಕಿಗಳನ್ನು ಅವರು ಗುರುತಿಸಿ ಬರೆದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು ಡಾ. ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ತೀರ ಚಿಕ್ಕವರಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಅವರ ಮನೆಯಲ್ಲಿ ಬೆಳೆದರು. ಮಾವ ಬೇಟೆಗಾರರು; ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಸುಮಾರು ಹತ್ತು ವರ್ಷದವನಿದ್ದಾಗ ಆತ ಹೊಡೆದುರುಳಿಸಿದ ಗುಬ್ಬಿಯೊಂದರ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಇದು ಯಾವ ಗುಬ್ಬಿ? ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸಂಸ್ಥೆಯಲ್ಲಿ ಕೆಡದಂತೆ ಕಾಪಾಡಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಕೊಂದ ಹಕ್ಕಿಯ ಮುಂದೆ ಹುಟ್ಟಿದ ಆ ಒಂದು ಪ್ರಶ್ನೆ ಸಲೀಂ ಅವರ ಇಡೀ ಬದುಕನ್ನೇ ತಿರುಗಿಸಿತು.

ಮುಂದಿನ ದಾರಿ ಸುಲಭವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಅವರು ಬಯಸಿದ ಪಕ್ಷಿತಜ್ಞರ ಕೆಲಸ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಕೆಲಸಕ್ಕೆ ಸೇರಿದರು. ಆಮೇಲೆ ಜರ್ಮನಿಯ ಬರ್ಲಿನ್‌ಗೆ ಹೋಗಿ, ಹೆಸರಾಂತ ಪಕ್ಷಿವಿಜ್ಞಾನಿ ಸ್ಟ್ರೆಸೆಮನ್ ಅವರ ಬಳಿ ಕಲಿತರು. 1930ರಲ್ಲಿ ಹಿಂತಿರುಗಿದಾಗ ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೆಲಸವಿಲ್ಲದ ಸಲೀಂ ಅಲಿ ಏನು ಮಾಡಿದರು ಗೊತ್ತೇ? ಮುಂಬಯಿ ಸಮೀಪದ ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ನೋಡುತ್ತಾ ಕುಳಿತರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಅದಕ್ಕೆ ಒಪ್ಪಿಗೆಯಾದರೆ ಮಾತ್ರ ಗಂಡು ಆ ಗೂಡನ್ನು ಪೂರ್ತಿ ಮಾಡುತ್ತದೆ. ಬಳಿಕ ಇನ್ನೊಂದು ಗೂಡಿಗೆ ಕೈಹಾಕುತ್ತದೆ. ತಾಳ್ಮೆಯಿಂದ ನೋಡಿ, ನೋಡಿದ್ದನ್ನು ಬರೆದಿಟ್ಟದ್ದರಿಂದ ಇದೆಲ್ಲ ತಿಳಿಯಿತು.

ಬೇರೆ ಬೇರೆ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಯನ್ನೂ ಅವರು ಕೈಗೆತ್ತಿಕೊಂಡರು. ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು ಎಂಬುದು ಅವರ ನಿಲುವು. ಈ ಓಡಾಟದಲ್ಲಿ ಜೊತೆಯಾಗಿದ್ದ ಪತ್ನಿ ತೆಹ್ಮಿನಾ 1939ರಲ್ಲಿ ನಿಧನರಾದರು. ಅಂಥ ದುಃಖದಲ್ಲೂ ಸಲೀಂ ಅಲಿ ಕೆಲಸ ಬಿಡಲಿಲ್ಲ. 1939-40ರಲ್ಲಿ, ಬೆಂಗಳೂರೂ ಸೇರಿದ್ದ ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಕಂಡು, ಆ ಜಾಗವನ್ನು ಉಳಿಸಬೇಕೆಂದು ಮೈಸೂರು ಅರಸರಿಗೆ ಮನವರಿಕೆ ಮಾಡಿದರು. ಹೀಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ಜನಸಾಮಾನ್ಯರೂ ಹಕ್ಕಿಗಳನ್ನು ಗುರುತಿಸಲೆಂದು ಸಲೀಂ ಅಲಿ ಚಿತ್ರಗಳಿದ್ದ ಪುಸ್ತಕ ಬರೆದರು. ಅದು ಹೊರಬಂದದ್ದು 1941ರಲ್ಲಿ. ಅಮೆರಿಕದ ಡಿಲನ್ ರಿಪ್ಲೆ ಅವರೊಡನೆ ಬರೆದ 10 ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1987ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅವರ ಕಾಲದಲ್ಲಿ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಕೊಲ್ಲುತ್ತಿದ್ದರು. ಈಗ ಅದು ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಹಕ್ಕಿಗಳ ಬೇಟೆಯನ್ನು ತಡೆಯುತ್ತದೆ. ಕಣ್ಣು, ಕಿವಿ, ನೋಟ್‌ಬುಕ್ ಇದ್ದರೆ ನಿಮಗೆ ಸಾಕು.

ಮಾಡಿ ನೋಡಿ: ಶಾಲೆಯ ಅಂಗಳಕ್ಕೆ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ಈ ವರ್ಷ ಯಾವ ದಿನ ಮೊದಲು ಕಂಡಿತು, ಯಾವ ದಿನದ ನಂತರ ಕಾಣಲಿಲ್ಲ ಎಂದು ಬರೆದಿಡಿ. ರಾತ್ರಿ ಮನೆಯ ಹಿರಿಯರ ಜೊತೆ ಹೊರಗಿನ ದೀಪದ ಹತ್ತಿರ ಒಂದು ಬಿಳಿ ಬಟ್ಟೆ ತೂಗುಹಾಕಿ. ಬಂದು ಕೂರುವ ಪತಂಗಗಳನ್ನು ಮುಟ್ಟದೆ ಎಣಿಸಿ. ಬಣ್ಣ, ಅಳತೆ, ದಿನಾಂಕ ಬರೆಯಿರಿ. ನೋಡಿದ ಮೇಲೆ ದೀಪ ಆರಿಸಿ ಅವನ್ನು ಹೋಗಲು ಬಿಡಿ. ಪತಂಗಕ್ಕೂ ಹಕ್ಕಿಗೂ ಏನು ಸಂಬಂಧ ಎನ್ನುತ್ತೀರಾ? ಪತಂಗದ ಮರಿಗಳಾದ ಕಂಬಳಿಹುಳು ಮತ್ತಿತರ ಹುಳುಗಳೇ ಎಷ್ಟೋ ಹಕ್ಕಿಮರಿಗಳ ಆಹಾರ. ಕಾಳು ತಿನ್ನುವ ಗೀಜಗವೂ ತನ್ನ ಮರಿಗಳಿಗೆ ಹುಳುಗಳನ್ನು ಉಣಿಸುತ್ತದೆ.

ಒಂದು ವರ್ಷದ ಪಟ್ಟಿಯಿಂದ ಹೆಚ್ಚೇನೂ ತಿಳಿಯದಿರಬಹುದು. ನಿಮ್ಮ ನಂತರ ಬರುವ ತರಗತಿಯವರೂ ಅದೇ ಪುಸ್ತಕದಲ್ಲಿ ಬರೆಯುತ್ತಾ ಹೋದರೆ, ನಿಮ್ಮೂರಿಗೆ ಯಾವ ಹಕ್ಕಿ ಬರುತ್ತಿದೆ, ಯಾವುದು ಬರುವುದನ್ನು ನಿಲ್ಲಿಸಿದೆ ಎಂದು ಹೇಳಬಲ್ಲವರು ನೀವೇ.