ಮರಳುನಾಡಿನ ಸಂವಿಧಾನ ಶಿಲ್ಪಿ: ಶೇಖ್ ಅಬ್ದುಲ್ಲಾ ಅಲ್ ಸಾಲಿಮ್ ಅಲ್ ಸಬಾಹ್



ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಕುವೈತ್ ಎಂಬ ಹೆಸರು ದಿನಬಳಕೆಯ ಮಾತು. ತಂದೆಯೋ, ಅಣ್ಣನೋ, ಚಿಕ್ಕಪ್ಪನೋ ಅಲ್ಲಿ ದುಡಿಯುತ್ತಿರುತ್ತಾರೆ. ಆದರೆ ಆ ನಾಡು ಇಂದಿನ ರೂಪ ಪಡೆದದ್ದು ಹೇಗೆಂದು ನೀವು ಯೋಚಿಸಿದ್ದೀರಾ? ಅದನ್ನು ಅರಿಯಬೇಕಾದರೆ 1950ರಿಂದ 1965ರವರೆಗೆ ಆ ನಾಡನ್ನು ಆಳಿದ ಶೇಖ್ ಅಬ್ದುಲ್ಲಾ ಅಲ್ ಸಾಲಿಮ್ ಅವರ ಬದುಕನ್ನು ಅರಿಯಬೇಕು.

ಮೊದಲು ಆ ನೆಲವನ್ನು ನೋಡೋಣ. ಅರೇಬಿಯಾ ಕೊಲ್ಲಿಯ ತಲೆಭಾಗದಲ್ಲಿರುವ ಕುವೈತಿನ ವಿಸ್ತೀರ್ಣ 17,818 ಚದರ ಕಿಲೋಮೀಟರ್. ನಮ್ಮ ಮೂರು ಕರಾವಳಿ ಜಿಲ್ಲೆಗಳನ್ನು ಸೇರಿಸಿದರೆ ಅದಕ್ಕಿಂತ ತುಸು ದೊಡ್ಡದಾಗುತ್ತದೆ. ಅಲ್ಲಿ ಒಂದು ನದಿಯೂ ಇಲ್ಲ. ವರ್ಷದ ಮಳೆ ಸುಮಾರು 110 ಮಿಲಿಮೀಟರ್. ಬೇಸಿಗೆಯ ತಾಪ 50 ಡಿಗ್ರಿ ದಾಟುವುದುಂಟು. 2016ರಲ್ಲಿ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ದಾಖಲಾಗಿದೆ.

ಶೇಖ್ ಅಬ್ದುಲ್ಲಾ ಹುಟ್ಟಿದ್ದು 1895ರಲ್ಲಿ. ಆಗ ಕುವೈತ್ ಮಣ್ಣಿನ ಮನೆಗಳ ಒಂದು ಬಂದರು ಪಟ್ಟಣ. ಜನರ ಬದುಕು ನಿಂತಿದ್ದದ್ದು ಮುತ್ತು ಮತ್ತು ಹಾಯಿಹಡಗಿನ ಮೇಲೆ. ಹಡಗು ಕಟ್ಟುವ ಸಾಗುವಾನಿ ಮರ ಹೋಗುತ್ತಿದ್ದದ್ದು ನಮ್ಮ ಮಲಬಾರ್ ಕರಾವಳಿಯಿಂದ. ಪೇಟೆಯಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. ಕುಡಿಯುವ ನೀರನ್ನೂ ಷತ್ತುಲ್ ಅರಬ್ ನದಿಯಿಂದ ದೋಣಿಗಳಲ್ಲಿ ತುಂಬಿ ತರಬೇಕಾಗಿತ್ತು. ಬೇಸಿಗೆಯ ತಿಂಗಳುಗಳಲ್ಲಿ ಗಂಡಸರು ಮುತ್ತಿಗಾಗಿ ಕಡಲಾಳಕ್ಕೆ ಇಳಿಯುತ್ತಿದ್ದರು. ಮುತ್ತು ಸಿಗದ ವರ್ಷ ನಾಖುದನ ಬಳಿ ಮಾಡಿದ ಸಾಲ ಬೆಳೆಯುತ್ತಿತ್ತು. ತಂದೆ ಸತ್ತರೆ ಆ ಸಾಲ ಮಗನ ಹೆಗಲೇರುತ್ತಿತ್ತು.

ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದು, 1929ರ ಬಳಿಕ ಜಗತ್ತಿನಾದ್ಯಂತ ಆರ್ಥಿಕ ಕುಸಿತವೂ ಸೇರಿಕೊಂಡಾಗ ಈ ಕಸುಬು ಮುರಿದುಬಿತ್ತು. ಪಟ್ಟಣದಲ್ಲಿ ಬಡತನ ಹೆಚ್ಚಿತು.

ಶೇಖ್ ಅಬ್ದುಲ್ಲಾ ಈ ಬಡತನವನ್ನು ಕಣ್ಣಾರೆ ಕಂಡವರು. 1921ರಲ್ಲಿ ತಂದೆ ಶೇಖ್ ಸಾಲಿಮ್ ತೀರಿಕೊಂಡಾಗ ಅಧಿಕಾರ ಇವರಿಗೆ ಬರಲಿಲ್ಲ, ದೊಡ್ಡಪ್ಪನ ಮಗ ಶೇಖ್ ಅಹ್ಮದ್ ಅವರಿಗೆ ಹೋಯಿತು. ಇವರು ಇಪ್ಪತ್ತೆಂಟು ವರ್ಷಗಳಿಗೂ ಹೆಚ್ಚು ಕಾಲ ಕಾದರು. ಈ ನಡುವೆ 1938ರಲ್ಲಿ ಒಂದು ಮಹತ್ವದ ಘಟನೆ ನಡೆಯಿತು. ಆಡಳಿತದಲ್ಲಿ ತಮಗೂ ಪಾಲು ಬೇಕೆಂದು ವರ್ತಕರು ಒತ್ತಾಯಿಸಿ, 14 ಸದಸ್ಯರ ಶಾಸನ ಸಭೆಯೊಂದನ್ನು ಆರಿಸಿದರು. ಅದರ ಅಧ್ಯಕ್ಷತೆ ವಹಿಸಿದವರು ರಾಜಮನೆತನದವರೇ ಆದ ಶೇಖ್ ಅಬ್ದುಲ್ಲಾ! ಕೆಲವು ತೆರಿಗೆಗಳನ್ನು ರದ್ದುಗೊಳಿಸಿ ಶಿಕ್ಷಣಕ್ಕೆ ಗಮನ ಕೊಟ್ಟ ಆ ಸಭೆ ಅದೇ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ಆದರೆ ಅದರ ನೆನಪು ಅವರ ಮನಸ್ಸಿನಿಂದ ಅಳಿಯಲಿಲ್ಲವೆಂಬುದನ್ನು ಮುಂದಿನ ಕಥೆ ಹೇಳುತ್ತದೆ.

ಅದೇ 1938ರಲ್ಲಿ ಬುರ್ಗಾನ್ ಎಂಬಲ್ಲಿ ತೈಲ ಚಿಮ್ಮಿತು. ಮಹಾಯುದ್ಧದಿಂದಾಗಿ ಕೆಲಸ ನಿಂತು, ಮೊದಲ ರಫ್ತು ನಡೆದದ್ದು 1946ರಲ್ಲಿ. 1950ರಲ್ಲಿ ಶೇಖ್ ಅಬ್ದುಲ್ಲಾ ಅಧಿಕಾರಕ್ಕೆ ಬಂದಾಗ ಹಣದ ಹೊಳೆ ಹರಿಯತೊಡಗಿತ್ತು. 1934ರ ಮೂಲ ಕರಾರಿನಂತೆ ತೈಲದ ಪ್ರತಿ ಟನ್ನಿಗೆ ಕುವೈತಿಗೆ ಸಿಗುತ್ತಿದ್ದದ್ದು ಮೂರು ರೂಪಾಯಿ. 1951ರಲ್ಲಿ ಅದನ್ನು ತಿದ್ದಿ, ಲಾಭದ ಅರ್ಧ ಪಾಲನ್ನು ಕಂಪೆನಿಯಿಂದ ಪಡೆಯುವ ಒಪ್ಪಂದ ಮಾಡಿಕೊಂಡರು.

ಈಗ ನೀವೇ ಯೋಚಿಸಿ. ನೀರಿಗೂ ಪರದಾಡಿದ ನಾಡಿಗೆ ಹಠಾತ್ತನೆ ಸಂಪತ್ತು ಬಂದರೆ ಅದನ್ನು ಏನು ಮಾಡಬೇಕು? ಅರಮನೆಗಳಲ್ಲೇ ಕರಗಿಸಿಬಿಡಬಹುದಿತ್ತು. ಆದರೆ 1953ರಲ್ಲಿ ಶುವೈಖ್‌ನಲ್ಲಿ ಕಡಲ ನೀರನ್ನು ಸಿಹಿನೀರಾಗಿಸುವ ಸರ್ಕಾರಿ ಸ್ಥಾವರ ಕೆಲಸ ಆರಂಭಿಸಿತು. ಶಾಲೆಗಳು ಹೆಚ್ಚಿದವು, ಪ್ಯಾಲೆಸ್ತೀನ್ ಮತ್ತು ಈಜಿಪ್ಟಿನಿಂದ ಶಿಕ್ಷಕರು ಬಂದರು. ಶಿಕ್ಷಣ ಮತ್ತು ಚಿಕಿತ್ಸೆ ಉಚಿತವಾದವು. ಅದೇ 1953ರಲ್ಲಿ ಲಂಡನ್ನಿನಲ್ಲಿ ಹೂಡಿಕೆ ಮಂಡಳಿಯೊಂದನ್ನು ಸ್ಥಾಪಿಸಿ, ಉಳಿತಾಯದ ಹಣವನ್ನು ಮುಂದಿನ ಪೀಳಿಗೆಗಾಗಿ ತೊಡಗಿಸಲಾಯಿತು. ಜಗತ್ತಿನಲ್ಲಿ ಇಂತಹ ಸರ್ಕಾರಿ ನಿಧಿಗಳಲ್ಲಿ ಇದು ಮೊದಲನೆಯದೆಂದು ಹೆಸರಾಗಿದೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ, ನಾಡು ಬಿಟ್ಟು ಹೋಗಬೇಕಾದ ಸರ್ಕಾರವನ್ನು ಸಾಕಿದ್ದು ವಿದೇಶದಲ್ಲಿ ಹೀಗೆ ಕೂಡಿಟ್ಟ ಹಣವೇ.

1961ರ ಜೂನ್ 19ರಂದು ಬ್ರಿಟನ್ನಿನೊಡನೆ 1899ರಿಂದ ಇದ್ದ ರಕ್ಷಣಾ ಒಪ್ಪಂದ ಕೊನೆಗೊಂಡು ಕುವೈತ್ ಸ್ವತಂತ್ರವಾಯಿತು. ವಾರ ತುಂಬುವುದರೊಳಗೆ ಇರಾಕಿನ ಅಬ್ದುಲ್ ಕರೀಮ್ ಖಾಸಿಮ್ ಕುವೈತ್ ತಮ್ಮದೆಂದು ಘೋಷಿಸಿದರು. ಮೊದಲು ಬ್ರಿಟಿಷ್ ಪಡೆ, ನಂತರ ಅರಬ್ ಲೀಗಿನ ಪಡೆ ಕಾವಲಿಗೆ ಬಂದವು. ಇಂತಹ ಅಪಾಯದ ವೇಳೆ ಅರಸರು ಅಧಿಕಾರವನ್ನು ಬಿಗಿಹಿಡಿಯುವುದೇ ರೂಢಿ. ಶೇಖ್ ಅಬ್ದುಲ್ಲಾ ಅದಕ್ಕೆ ಹೊರತಾದರು. ಅದೇ ವರ್ಷದ ಕೊನೆಯಲ್ಲಿ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಯಿತು. 1962ರ ನವೆಂಬರ್ 11ರಂದು ಅವರು ಸಂವಿಧಾನಕ್ಕೆ ಸಹಿ ಹಾಕಿದರು. ಅದರಂತೆ ನೈಸರ್ಗಿಕ ಸಂಪತ್ತು ರಾಷ್ಟ್ರದ ಸೊತ್ತಾಯಿತು. 1963ರ ಜನವರಿಯಲ್ಲಿ 50 ಸದಸ್ಯರ ಸಂಸತ್ತು ಆರಿಸಿ ಬಂತು. 1938ರಲ್ಲಿ ಮುರಿದ ಎಳೆಯನ್ನು ಅವರು ಮತ್ತೆ ಜೋಡಿಸಿದ್ದರು. 1961ರಲ್ಲೇ ಸ್ಥಾಪಿಸಿದ ಕುವೈತ್ ನಿಧಿಯ ಮೂಲಕ ಇತರ ಅರಬ್ ದೇಶಗಳಿಗೆ ಅಭಿವೃದ್ಧಿ ಸಾಲವನ್ನೂ ನೀಡಲಾಯಿತು.

ಹಾಗೆಂದು ಅವರ ಆಳ್ವಿಕೆಯಲ್ಲಿ ಕೊರತೆಗಳೇ ಇರಲಿಲ್ಲವೆಂದು ಭಾವಿಸಬೇಡಿ. ಹಳೆಯ ಪಟ್ಟಣದ ಜಾಗಗಳನ್ನು ಸರ್ಕಾರ ಭಾರೀ ಬೆಲೆಗೆ ಕೊಂಡಾಗ ಹೆಚ್ಚು ಲಾಭವಾದದ್ದು ಉಳ್ಳವರಿಗೆ. ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 2005ರಲ್ಲಿ. 1959ರ ಪೌರತ್ವ ಕಾನೂನಿನ ಹೊರಗುಳಿದ ಮರುಭೂಮಿಯ ಅನೇಕ ಕುಟುಂಬಗಳು ಬಿದೂನ್, ಅಂದರೆ ಪೌರತ್ವವಿಲ್ಲದವರು, ಎಂಬ ಹೆಸರಿನಲ್ಲಿ ಇಂದಿಗೂ ಸಂಕಟದಲ್ಲಿವೆ. 1957ರಲ್ಲಿ ಸುಮಾರು 2 ಲಕ್ಷವಿದ್ದ ಜನಸಂಖ್ಯೆ 1965ಕ್ಕೆ ನಾಲ್ಕೂವರೆ ಲಕ್ಷ ದಾಟಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊರನಾಡಿನವರು. ದುಡಿದು ಆ ನಾಡನ್ನು ಕಟ್ಟಿದ ಇವರಿಗೆ ಮತದ ಹಕ್ಕಿರಲಿಲ್ಲ.

1965ರ ನವೆಂಬರ್ 24ರಂದು ಶೇಖ್ ಅಬ್ದುಲ್ಲಾ ಕೊನೆಯುಸಿರೆಳೆದರು. ಅವರು ಪಟ್ಟವೇರಿದ ಫೆಬ್ರವರಿ 25 ಅಲ್ಲಿ ರಾಷ್ಟ್ರೀಯ ದಿನ. ಅವರು ಕೊಟ್ಟ ಸಂಸತ್ತು ಹಲವು ಬಾರಿ ಅಮಾನತುಗೊಂಡಿದೆ; 2024ರ ಮೇ ತಿಂಗಳಲ್ಲಿ ಅಮೀರರು ಅದನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ತಡೆಹಿಡಿದರು. ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ.

ವಿದ್ಯಾರ್ಥಿ ಮಿತ್ರರೇ, ಕೊಲ್ಲಿಯಿಂದ ನಿಮ್ಮ ಮನೆಗೂ ಹಣ ಬರುತ್ತಿರಬಹುದು. ಮುತ್ತು ಒಂದು ದಿನ ಮುಗಿಯಿತು; ತೈಲವೂ ಒಂದು ದಿನ ಮುಗಿಯುವಂಥದ್ದೇ. ಬಂದ ಸಂಪತ್ತು ನೀರಾಗಿ, ಶಾಲೆಯಾಗಿ, ನಾಳಿನ ಉಳಿತಾಯವಾಗಿ ಬದಲಾದರೆ ಮಾತ್ರ ಉಳಿಯುತ್ತದೆ. ಈ ದೊರೆಯ ಬದುಕಿನಿಂದ ನಾವು ಕಲಿಯಬೇಕಾದದ್ದು ಇದನ್ನೇ.