ಧಾರವಾಡದಲ್ಲಿ ಹುಟ್ಟಿದ ಬೌಲರ್ ಪಲ್ವಂಕರ್ ಬಾಲೂ

ಹಳೆಯ ಕಾಲದ ಒಬ್ಬ ಸಾಧಕರ ಜೀವನದ ಬಗ್ಗೆ ಬರೆಯಲು ಕನ್ನಡ ಸರ್ ಹೇಳಿದಾಗ, ಕ್ರಿಕೆಟ್ ಆಡಿದವರ ಬಗ್ಗೆ ಬರೆದರೆ ನಡೆಯುತ್ತದಾ ಎಂದು ಕೇಳಿದೆ. ನಡೆಯುತ್ತದೆ, ಆದರೆ ಸ್ಕೋರ್ ಅಷ್ಟೇ ಬರೆಯಬೇಡ ಎಂದರು. ಮಹಾಂತೇಶ ನಗರದಲ್ಲಿ ನಮ್ಮ ಮನೆಯ ಹತ್ತಿರದ ಖಾಲಿ ಸೈಟಿನಲ್ಲಿ ಭಾನುವಾರ ಟೆನ್ನಿಸ್ ಬಾಲ್ ಆಡುತ್ತೇವೆ. ನಾನು ಎಡಗೈ ಸ್ಪಿನ್ ಹಾಕುತ್ತೇನೆ. ಅದಕ್ಕೇ ಎಡಗೈ ಸ್ಪಿನ್ನರ್ ಒಬ್ಬರನ್ನೇ ಹುಡುಕಿದೆ. ಸಿಕ್ಕವರು ಧಾರವಾಡದಲ್ಲಿ ಹುಟ್ಟಿದವರು. ನಮ್ಮ ಅಬ್ಬಾಗೆ ಅಜರುದ್ದೀನ್ ಆಡಿದ ಮ್ಯಾಚುಗಳೆಲ್ಲ ಬಾಯಿಪಾಠ. ಆದರೂ ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನ ಈ ಮನುಷ್ಯರ ಹೆಸರು ಅವರೂ ಕೇಳಿರಲಿಲ್ಲ.

ಪಲ್ವಂಕರ್ ಬಾಲೂ ಹುಟ್ಟಿದ್ದು 1876ರ ಮಾರ್ಚ್ ತಿಂಗಳಲ್ಲಿ. ಚಮ್ಮಾರ ಜಾತಿಯ ಕುಟುಂಬ. ಮೂಲ ಕೊಂಕಣದ ಪಲವಣ ಎಂಬ ಊರು, ಅಡ್ಡಹೆಸರು ಬಂದಿದ್ದು ಅಲ್ಲಿಂದ. ನನ್ನ ಜೊತೆ ಆಡುವ ಮರಾಠಿ ಗೆಳೆಯ ಇದನ್ನು ಕೇಳಿದ ಕೂಡಲೇ ಹಾಗಾದರೆ ಅವರು ನಮ್ಮವರು ಎಂದ. ಬೆಳಗಾವಿಯಲ್ಲಿ ಈ ಮಾತು ಬಂದೇ ಬರುತ್ತದೆ. ಹುಟ್ಟಿದ್ದು ಧಾರವಾಡ, ಮೂಲ ಕೊಂಕಣ, ಆಟ ಕಲಿತಿದ್ದು ಪುಣೆ, ಹೆಸರು ಮಾಡಿದ್ದು ಮುಂಬೈ. ಯಾರಿಗೆ ಬೇಕೋ ಅವರು ತಮ್ಮವರು ಎನ್ನಬಹುದು. ಅವರು ಬದುಕಿದ್ದಾಗ ಮಾತ್ರ ಹಾಗೆ ಅನ್ನುವವರು ಬಹಳ ಕಡಿಮೆ ಇದ್ದರು.

ತಂದೆ ಸೈನ್ಯದ ಕೆಲಸದಲ್ಲಿದ್ದರು, ಅದಕ್ಕೆ ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಆಫೀಸರುಗಳು ಆಡಿ ಬಿಟ್ಟ ಹಳೆಯ ಬ್ಯಾಟು ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಬಾಲೂ ಅವರ ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಇಂಗ್ಲಿಷರ ಪೂನಾ ಜಿಮ್ಖಾನಾಕ್ಕೆ ಸೇರಿದರು, ಅಲ್ಲಿ 4 ರೂಪಾಯಿ. ನೆಟ್ ಕಟ್ಟುವುದು, ಟೆನ್ನಿಸ್ ಅಂಗಳಕ್ಕೆ ಸುಣ್ಣದ ಗೆರೆ ಹಾಕುವುದು, ಸಾಹೇಬರು ಪ್ರಾಕ್ಟೀಸಿಗೆ ಬಂದಾಗ ಬೌಲಿಂಗ್ ಮಾಡುವುದು. ಗ್ರೆಗ್ ಎಂಬ ಕ್ಯಾಪ್ಟನ್ ಒಳ್ಳೆಯ ಬ್ಯಾಟ್ಸ್‌ಮನ್. ಅವರು ಬೇರೆಯವರಿಗಿಂತ ಮೊದಲೇ ಬಂದು ಬಾಲೂ ಕೈಯಲ್ಲಿ ಗಂಟೆಗಟ್ಟಲೆ ಬೌಲಿಂಗ್ ಮಾಡಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದರೆ ಪ್ರತಿ ಸಲ ಎಂಟಾಣೆ ಕೊಡುತ್ತಿದ್ದರಂತೆ. ಬ್ಯಾಟ್ ಮಾತ್ರ ಬಾಲೂ ಕೈಗೆ ಯಾರೂ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರದು, ಬೌಲಿಂಗ್ ಕೂಲಿಯವರದು. ನಮ್ಮ ಖಾಲಿ ಸೈಟಿನಲ್ಲೂ ಚಿಕ್ಕವರಿಗೆ ಬಹಳ ಹೊತ್ತು ಬೌಲಿಂಗ್, ಸಂಜೆಯಾದಾಗ ಬ್ಯಾಟಿಂಗ್ ಇಲ್ಲ. ಆದರೆ ಅದು ವಯಸ್ಸಿನ ಮಾತು, ಎರಡು ವರ್ಷ ಕಾದರೆ ಸರದಿ ಬರುತ್ತದೆ. ಬಾಲೂ ಅವರಿಗೆ ಕಾದರೂ ಬರುವಂತಿರಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಇಂಗ್ಲಿಷರನ್ನು ಸೋಲಿಸುವ ಆಸೆ, ಅದಕ್ಕೆ ಇಂಥ ಬೌಲರ್ ಬೇಕು. ಅಸ್ಪೃಶ್ಯರನ್ನು ಸೇರಿಸಿಕೊಳ್ಳುವುದೋ ಬೇಡವೋ ಎಂದು ಬಹಳ ವಾದ ನಡೆದು ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗೆ, ಬಾಲೂ ಹೊರಗೆ. ಅವರಿಗೆ ಚಹಾ ಬರುತ್ತಿದ್ದದ್ದು ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಜಾಗ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಆಟ ಮುಗಿದ ಮೇಲೆ ನಾವು ಹನ್ನೆರಡು ಜನ ಒಂದೇ ಬಾಟಲಿಯ ನೀರು ಕುಡಿಯುತ್ತೇವೆ, ಯಾರು ಮೊದಲು ಎಂದು ಜಗಳ ಆಡುತ್ತೇವೆ.

ಸಾತಾರಾದ ಇಂಗ್ಲಿಷರ ಜಿಮ್ಖಾನಾ ವಿರುದ್ಧದ ಮ್ಯಾಚಿನಲ್ಲಿ ಬಾಲೂ 7 ವಿಕೆಟ್ ತೆಗೆದು ಗೆಲ್ಲಿಸಿದರು. ಆಮೇಲೆ ಮಹಾದೇವ ಗೋವಿಂದ ರಾನಡೆಯವರಂಥ ದೊಡ್ಡವರೇ ಸಭೆಯಲ್ಲಿ ಹಾರ ಹಾಕಿದರು. ಜೊತೆಗೆ ಆಡುವುದಾದರೆ ಜೊತೆಗೆ ಕುಳಿತು ಊಟ ಮಾಡುವುದಕ್ಕೆ ಏನು ಅಡ್ಡಿ ಎಂದು ರಾನಡೆ ತಂಡದವರನ್ನು ಕೇಳಿದರಂತೆ. 1896ರಲ್ಲಿ ಪ್ಲೇಗ್ ಬಂತು. ಬಾಲೂ ಮುಂಬೈಗೆ ಹೋದರು, ಮುಂದೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರ ತಂಡವನ್ನು 109 ರನ್‌ಗಳಿಂದ ಸೋಲಿಸಿದಾಗ ಅಣ್ಣ ತಮ್ಮ ಇಬ್ಬರೂ ಆಡಿದ್ದರು.

ಇನ್ನು 1911ರ ಸೀಸನ್. ನಾನು ಈ ಲೇಖನ ಬರೆಯುವುದಕ್ಕೆ ಕಾರಣವೇ ಅದು. ಇಡೀ ಇಂಡಿಯಾದ ಹೆಸರಿನಲ್ಲಿ ಮೊದಲ ಸಲ ಒಂದು ತಂಡ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಅದಕ್ಕೂ ಮೊದಲು ಪಾರ್ಸಿಗಳು ಮಾತ್ರ ಹೋಗಿದ್ದರು. ಈ ತಂಡದಲ್ಲಿ ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರು ಎಲ್ಲರೂ ಇದ್ದರು. ಮುಸ್ಲಿಂ ಆಟಗಾರರಾದ ಸೈಯದ್ ಹಸನ್, ಶಫ್ಕತ್ ಹುಸೇನ್, ಸಲಾಮುದ್ದೀನ್ ಮೂವರೂ ಅಲೀಗಢ ಕಾಲೇಜಿನಲ್ಲಿ ಕಲಿತವರು. ಆಗ ಅದು ಇನ್ನೂ ವಿಶ್ವವಿದ್ಯಾಲಯ ಆಗಿರಲಿಲ್ಲ, ನಮ್ಮದರ ಹಾಗೆ ಕಾಲೇಜು ಅಷ್ಟೇ. ಕ್ಯಾಪ್ಟನ್ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಬಾಲೂ ಅವರಿಗೆ 35, ಜೊತೆಗೆ ಭುಜದ ನೋವು.

ಅದು ಐದನೇ ಜಾರ್ಜ್ ಪಟ್ಟಾಭಿಷೇಕದ ವರ್ಷ. ಮಹಾರಾಜರು ಕೆಲವೇ ಮ್ಯಾಚ್ ಆಡಿ ಔತಣಗಳ ಕಡೆ ಹೋದರು. ತಂಡದ ಒಳ್ಳೆಯ ಬ್ಯಾಟ್ಸ್‌ಮನ್ ಕೇಕಿ ಮಿಸ್ತ್ರಿ ಅವರ ಕಾರ್ಯದರ್ಶಿಯಾಗಿದ್ದರಿಂದ ಅವರೂ ಹೋದರು. ಜೂನ್‌ನಿಂದ ಆಗಸ್ಟ್ ತನಕ ಒಟ್ಟು 23 ಮ್ಯಾಚು. ಗೆದ್ದದ್ದು 6, ಸೋತದ್ದು 15, ಡ್ರಾ 2. ಅದರಲ್ಲಿ ಫಸ್ಟ್ ಕ್ಲಾಸ್ ಮ್ಯಾಚು 14, ಗೆಲುವು ಎರಡೇ. ನಾನು ಕಾಮರ್ಸ್ ಹುಡುಗ. ಇಂಥ ಲೆಕ್ಕ ನೋಡಿದರೆ ಇಡೀ ವರ್ಷ ನಷ್ಟ ಎಂದು ಬರೆದು ಮುಗಿಸಬೇಕು. ಆದರೆ ಬಾಲೂ ಅವರ ಲೆಕ್ಕ ಬೇರೆ ತೆಗೆದು ನೋಡಿ. 114 ವಿಕೆಟ್, ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ 8. ಸೋಲಿನ ಮೇಲೆ ಸೋಲು ಕಂಡ ತಂಡ ಲೀಸೆಸ್ಟರ್‌ಶೈರ್ ವಿರುದ್ಧ ಗೆದ್ದಿತು, ಆ ಮ್ಯಾಚಿನಲ್ಲಿ ಅವರದು 11 ವಿಕೆಟ್. ಸಾಮರ್‌ಸೆಟ್ ವಿರುದ್ಧ ಶಿವರಾಮ ಸೆಂಚುರಿ ಹೊಡೆದರು, ತಂಡ ಒಂದೇ ವಿಕೆಟ್ ಉಳಿಸಿಕೊಂಡು ಗೆದ್ದಿತು. ಸೋಲುವ ತಂಡದಲ್ಲಿ ಬೌಲಿಂಗ್ ಮಾಡುವುದು ಎಷ್ಟು ಕಷ್ಟ ಎಂದು ಆಡಿದವರಿಗೆ ಗೊತ್ತು. ರನ್ ಇರುವುದಿಲ್ಲ, ಕ್ಯಾಚ್ ಬಿಡುತ್ತಾರೆ, ಆದರೂ ಚೆಂಡು ನಿಮ್ಮ ಕೈಗೇ ಬರುತ್ತದೆ. ನೋಯುವ ಭುಜದಲ್ಲಿ ಅವರು ಮೂರು ತಿಂಗಳು ಹಾಗೆ ಆಡಿದರು.

ತಿರುಗಿ ಬಂದಾಗ ಮುಂಬೈಯಲ್ಲಿ ದಲಿತ ಸಮುದಾಯದವರು ಸನ್ಮಾನ ಮಾಡಿದರು. ಆ ಸನ್ಮಾನದಲ್ಲಿ ಯುವಕ ಅಂಬೇಡ್ಕರ್ ಅವರ ಕೈಯೂ ಇತ್ತು. ಬಾಲೂ ಎಂದರೆ ಅವರಿಗೆ ಆಗ ಬಹಳ ಅಭಿಮಾನ.

ಇಷ್ಟಾದರೂ ಹಿಂದೂ ತಂಡಕ್ಕೆ ಪ್ರತಿ ವರ್ಷ ಬೇರೆಯವರೇ ಕ್ಯಾಪ್ಟನ್. ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲ ಕೂಡ ದೊಡ್ಡ ಆಟಗಾರರಾದರು, ಆದರೂ ಅದೇ ಕಥೆ. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಬಿಟ್ಟಾಗ ಶಿವರಾಮ ಮತ್ತು ವಿಠ್ಠಲ ನಾವೂ ಆಡುವುದಿಲ್ಲ ಎಂದು ಬಹಿರಂಗವಾಗಿ ಪತ್ರ ಬರೆದು ಹೊರಗೆ ಬಂದರು. ಜನರೂ ಅವರ ಪರ ನಿಂತರು. ಕೊನೆಗೆ ಅಣ್ಣ ತಮ್ಮಂದಿರನ್ನು ವಾಪಸ್ ಕರೆದು ಬಾಲೂ ಅವರನ್ನು ಉಪನಾಯಕ ಮಾಡಿದರು. ಆ ಮ್ಯಾಚಿನಲ್ಲಿ ಕ್ಯಾಪ್ಟನ್ ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋಗಿ ಬಾಲೂ ತಂಡ ನಡೆಸುವಂತೆ ಮಾಡಿದರು. ಪೈ ಅವರ ಈ ಕೆಲಸ ನನಗೆ ಇಷ್ಟವಾಯಿತು. ಆದರೆ 44 ವರ್ಷದ ಆಟಗಾರನಿಗೆ ಸಿಕ್ಕಿದ್ದು ಅಷ್ಟೇ ಎನ್ನುವುದು ಇಷ್ಟವಾಗಲಿಲ್ಲ. 1923ರಲ್ಲಿ ವಿಠ್ಠಲ ಪೂರ್ತಿ ಕ್ಯಾಪ್ಟನ್ ಆದರು, ಆ ವರ್ಷ ಹಿಂದೂ ತಂಡವೇ ಗೆದ್ದಿತು.

ಆಮೇಲಿನ ಕಥೆ ನನಗೆ ಅರ್ಥ ಮಾಡಿಕೊಳ್ಳಲು ಕಷ್ಟವಾಯಿತು. ದಲಿತರಿಗೆ ಪ್ರತ್ಯೇಕ ಮತದಾರ ಕ್ಷೇತ್ರ ಬೇಕು ಎಂದು ಅಂಬೇಡ್ಕರ್ ಕೇಳಿದಾಗ ಬಾಲೂ ಒಪ್ಪಲಿಲ್ಲ, ಅವರು ಗಾಂಧೀಜಿ ಕಡೆ ಇದ್ದರು. 1932ರ ಪುಣೆ ಒಪ್ಪಂದದಲ್ಲಿ ಅವರ ಸಹಿಯೂ ಇದೆ. 3 ರೂಪಾಯಿಗೆ ಪಿಚ್ ಗುಡಿಸಿದ ಅದೇ ಊರು. 1937ರ ಮುಂಬೈ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂ ಅವರಿಗೆ 11,225. ಸೋತದ್ದು 2,020 ಮತಗಳಿಂದ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವರು ಅಂಬೇಡ್ಕರ್ ಎದುರು ಯಾಕೆ ನಿಂತರು ಎಂದು ಅಬ್ಬಾನನ್ನು ಕೇಳಿದೆ. ತನ್ನನ್ನು ಹೊರಗೆ ಕೂರಿಸಿದವರೇ ಒಂದು ದಿನ ಒಳಗೆ ಕರೆದರೆ, ಆ ಬಾಗಿಲು ಇನ್ನೂ ತೆರೆಯುತ್ತದೆ ಎಂದು ಆ ಮನುಷ್ಯರಿಗೆ ಅನ್ನಿಸಿರಬೇಕು ಎಂದರು ಅಬ್ಬಾ. ಅಮ್ಮಿ ಒಪ್ಪಲಿಲ್ಲ, ಬಾಗಿಲು ಪೂರ್ತಿ ಎಲ್ಲಿ ತೆರೆದರು ಎಂದರು. ಆ ರಾತ್ರಿ ಊಟ ಮುಗಿಯುವ ತನಕ ನಮ್ಮ ಮನೆಯಲ್ಲಿ ಇದೇ ಮಾತು.

ಫಸ್ಟ್ ಕ್ಲಾಸ್ ಕ್ರಿಕೆಟಿನಲ್ಲಿ ಬಾಲೂ 33 ಮ್ಯಾಚ್ ಆಡಿ 179 ವಿಕೆಟ್ ತೆಗೆದರು, ಸರಾಸರಿ 15.21. ಭಾರತ ಟೆಸ್ಟ್ ಆಡುವ ಹೊತ್ತಿಗೆ ಅವರಿಗೆ 56 ದಾಟಿತ್ತು. 1955ರ ಜುಲೈ 4ರಂದು ಮುಂಬೈಯಲ್ಲಿ ತೀರಿಕೊಂಡರು. ಬರುವ ಭಾನುವಾರ ನಮ್ಮ ಚಿಕ್ಕ ಹುಡುಗರಿಗೆ ಮೊದಲು ಬ್ಯಾಟಿಂಗ್ ಕೊಡೋಣ ಎಂದು ಹೇಳಿದ್ದೇನೆ, ಇನ್ನೂ ಯಾರೂ ಹೂಂ ಅಂದಿಲ್ಲ.