ರಕ್ತದ ಗುಂಪು ಕಂಡುಹಿಡಿದ ಲ್ಯಾಂಡ್‌ಸ್ಟೈನರ್

ನನ್ನ ಖಾಲಾನ ಮಗಳು ಈಗ ಎಂಟು ತಿಂಗಳ ಗರ್ಭಿಣಿ. ಹೆಸರು ಬರೆಯುವುದಿಲ್ಲ, ಬೈಯುತ್ತಾಳೆ. ಮದುವೆಯಾಗಿ ಒಂಬತ್ತು ವರ್ಷ, ನಡುವೆ ಒಂದು ಗರ್ಭಪಾತ, ಕೊನೆಗೆ ಐವಿಎಫ್ ಚಿಕಿತ್ಸೆ. ಹೂಡೆಯಿಂದ ಆಸ್ಪತ್ರೆಗೆ ಹೋಗುವಾಗ ಫೈಲ್ ಹಿಡಿದುಕೊಳ್ಳುವ ಕೆಲಸ ನನ್ನದು. ಫೈಲಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಎ ನೆಗೆಟಿವ್ ಎಂದಿದೆ. ಭಾವನದು ಎ ಪಾಸಿಟಿವ್. ಇದನ್ನು ಕೇಳಿದಾಗಿನಿಂದ ಖಾಲಾಗೆ ನಿದ್ದೆ ಇಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ, ಆದರೂ ಹುಡುಕಿ ಓದಿದೆ. ಆಗ ಸಿಕ್ಕಿದ ಹೆಸರು ಕಾರ್ಲ್ ಲ್ಯಾಂಡ್‌ಸ್ಟೈನರ್.

ಅವರು ಹುಟ್ಟಿದ್ದು ಆಸ್ಟ್ರಿಯಾದಲ್ಲಿ, 1868ರ ಜೂನ್ 14ರಂದು. ಈಗ ಆ ದಿನವೇ ವಿಶ್ವ ರಕ್ತದಾನಿಗಳ ದಿನ. ತಂದೆ ಪತ್ರಕರ್ತರು. ಕಾರ್ಲ್‌ಗೆ ಆರು ವರ್ಷವಾದಾಗ ಅವರು ತೀರಿಹೋದರು, ತಾಯಿ ಬೆಳೆಸಿದರು. 1891ರಲ್ಲಿ ವೈದ್ಯರಾದ ಮೇಲೆ ಕಾರ್ಲ್ ರಸಾಯನಶಾಸ್ತ್ರವನ್ನೂ ಕಲಿತರು.

ಆ ಕಾಲದಲ್ಲಿ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ಟರೆ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತನ್ನ ರಕ್ತವನ್ನೂ ಜೊತೆಯಲ್ಲಿ ಕೆಲಸ ಮಾಡುವವರ ರಕ್ತವನ್ನೂ ತೆಗೆದು, ಕೆಂಪು ಕಣ ಬೇರೆ, ಸೀರಮ್ ಬೇರೆ ಮಾಡಿ, ಒಬ್ಬರದನ್ನು ಇನ್ನೊಬ್ಬರದಕ್ಕೆ ಬೆರೆಸಿ ನೋಡಿದರು. ಕೆಲವು ಹಾಗೇ ಉಳಿದವು, ಕೆಲವು ಗಂಟುಗಟ್ಟಿದವು. 1901ರಲ್ಲಿ ಮೂರು ಗುಂಪುಗಳನ್ನು ಪ್ರಕಟಿಸಿದರು. ನಾಲ್ಕನೆಯದು, ಎಬಿ, ಮರುವರ್ಷ ಅವರ ಸಂಗಡಿಗರಿಗೆ ಸಿಕ್ಕಿತು. ಇಷ್ಟು ದೊಡ್ಡ ಕೆಲಸಕ್ಕೆ ನೊಬೆಲ್ ಬಂದದ್ದು 1930ರಲ್ಲಿ! ಅಷ್ಟರಲ್ಲಿ ಮೊದಲ ಮಹಾಯುದ್ಧದ ನಂತರದ ಬಡತನದಿಂದ ವಿಯೆನ್ನಾ ಬಿಟ್ಟು, ಹಾಲೆಂಡಿನ ಸಣ್ಣ ಆಸ್ಪತ್ರೆಯೊಂದರಲ್ಲಿ ದುಡಿದು, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಸೇರಿದ್ದರು.

ನಮ್ಮ ಮನೆಗೆ ಬೇಕಾದ ಉತ್ತರ ಸಿಗುವುದು 1940ರಲ್ಲಿ. ಎಪ್ಪತ್ತು ದಾಟಿದ್ದ ಲ್ಯಾಂಡ್‌ಸ್ಟೈನರ್, ಅಲೆಕ್ಸಾಂಡರ್ ವೀನರ್ ಜೊತೆ ಸೇರಿ ಆರ್‌ಎಚ್ ಅಂಶವನ್ನು ವರದಿ ಮಾಡಿದರು. ಅದು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಇದ್ದು, ಅದರ ರಕ್ತ ಸ್ವಲ್ಪ ತಾಯಿಗೆ ಸೇರಿದರೆ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಮುಂದಿನ ಮಗುವಿನ ಕೆಂಪು ಕಣಗಳನ್ನು ಆ ಪ್ರತಿಕಾಯ ಒಡೆಯುತ್ತದೆ. ಗರ್ಭಪಾತದಲ್ಲೂ ಹೀಗೆ ಆಗಬಹುದು. ಅದಕ್ಕೇ ಡಾಕ್ಟರ್ ಹಳೆಯ ಗರ್ಭಪಾತದ ಬಗ್ಗೆ ಅಷ್ಟು ಪ್ರಶ್ನೆ ಕೇಳಿದ್ದು.

ಲ್ಯಾಬಿನಲ್ಲಿ ಆದ ಭ್ರೂಣಕ್ಕೆ ಈ ತೊಂದರೆ ಇರಲಿಕ್ಕಿಲ್ಲ ಎಂದು ನಾನು ಅಂದುಕೊಂಡಿದ್ದೆ. ತಪ್ಪು. ತಂದೆಯ ಗುಣ ಅಲ್ಲೂ ಮಗುವಿಗೆ ಬರುತ್ತದೆ. ದಾನಿಯ ಅಂಡ ಅಥವಾ ವೀರ್ಯ ಬಳಸಿದರೆ ದಾನಿಯ ಗುಂಪನ್ನೂ ನೋಡಬೇಕು, ಗಂಡ ಹೆಂಡತಿ ಇಬ್ಬರೂ ನೆಗೆಟಿವ್ ಆದರೂ ಮಗು ಪಾಸಿಟಿವ್ ಆಗಬಹುದು.

ಪ್ರತಿಕಾಯ ಆಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬಳಕೆಗೆ ಬಂದದ್ದು 1968ರಲ್ಲಿ, ಲ್ಯಾಂಡ್‌ಸ್ಟೈನರ್ ಹುಟ್ಟಿ ನೂರು ವರ್ಷಕ್ಕೆ. ಅದನ್ನು ನೋಡಲು ಅವರಿರಲಿಲ್ಲ. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತವಾಗಿ, ಎರಡು ದಿನದ ನಂತರ 26ರಂದು ತೀರಿಕೊಂಡರು.

ನಮ್ಮವಳ ಪ್ರತಿಕಾಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. 28ನೇ ವಾರದಲ್ಲಿ ಇಂಜೆಕ್ಷನ್ ಆಯಿತು. ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ಆ ಸಾಲಿನ ಕೆಳಗೆ ನಾನೇ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದೇನೆ.